ಬೆಕ್ಕಿಗೆ ಹತ್ತು ದಿನ

ಬೆಳಿಗ್ಗೆ ಹಗ್ಗ ಕಡಿದುಕೊಂಡು ಹೋಗಿದ್ದ ಬೆಕ್ಕು ಮಧ್ಯಾಹ್ನ ಬಾಯಲ್ಲಿ ಇಲಿ ಕಚ್ಚಿಕೊಂಡು ಗುಡಿಸಲಿಗೆ ಬಂತು. ಮೊದಲು ಕಂಡವಳು ಸಾಕಮ್ಮ. ಎಂಟು ತಿಂಗಳ ಬಸುರಿ. ಅಂಗಳದಲ್ಲಿ ರಾಗಿ ಕೇರುತ್ತಿದ್ದವಳು ಮೊರ ಬಿಟ್ಟು ಎದ್ದು, ತಡಿಕೆಗೆ ಒರಗಿ ನಿಂತು, “ಅತ್ತೆ... ಅತ್ತೆ...” ಎಂದಳಷ್ಟೆ. ಬೆಕ್ಕು ಇಲಿಯನ್ನು ಅವಳ ಕಾಲಿನಿಂದ ಎರಡು ಮೊಳ ದೂರದಲ್ಲಿ ಇಟ್ಟು, ಬಾಲ ಎತ್ತಿ ನಿಂತಿತು. ಇಲಿ ಇನ್ನೂ ಕಾಲು ಆಡಿಸುತ್ತಿತ್ತು.

ಕಂಪಲಾಪುರದಲ್ಲಿ ಇಲಿಗಳು ಸತ್ತು ಬೀಳತೊಡಗಿದಾಗ ಜನ ಪ್ಲೇಗಿಗೆ ಹೆದರಿ ಊರು ಖಾಲಿ ಮಾಡಿದ್ದರು. ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಹದಿನಾಲ್ಕು ದಿನವಾಗಿತ್ತು. ಸೂಜಿ ಚುಚ್ಚಲು ಬಂದ ಡಾಕ್ಟರು, ಊರೊಳಕ್ಕೆ ಯಾರೂ ಕಾಲಿಡಬಾರದು, ನಾಯಿ ಬೆಕ್ಕುಗಳನ್ನೂ ಬಿಡಬಾರದು, ಇಲಿ ಹಿಡಿದ ಬೆಕ್ಕಿಗೂ ಪ್ಲೇಗು ಬರುತ್ತದೆ ಎಂದು ಹೇಳಿ ಹೋಗಿದ್ದರು. ಅಂದಿನಿಂದ ಸಾಕಮ್ಮನ ಅತ್ತೆ ಚಿಕ್ಕಬೀರಮ್ಮ ತನ್ನ ಬೆಕ್ಕನ್ನು ಕಂಬಕ್ಕೆ ಕಟ್ಟಿದ್ದಳು. ಬೇಟೆಯ ಆಸೆ ಹುಟ್ಟದಿರಲೆಂದು ಎರಡು ಹೊತ್ತೂ ಹಾಲಿಗೆ ಮುದ್ದೆ ಕಿವುಚಿ ಹಾಕುತ್ತಿದ್ದಳು.

ಸೊಸೆಯ ದನಿ ಕೇಳಿ ಚಿಕ್ಕಬೀರಮ್ಮ ಬಂದು ಬೆಕ್ಕಿಗೆ ಅಡ್ಡ ನಿಂತಳು. ಅವಳ ಮಗ, ಸಾಕಮ್ಮನ ಗಂಡ ಮುದ್ದಯ್ಯ ದೊಣ್ಣೆ ಹಿಡಿದು ಓಡಿಬಂದ.

“ಅತ್ಲಾಗೆ ಸರಿಯವ್ವ. ಒಂದೇ ಏಟು.”

“ಹೊಡೀಬ್ಯಾಡ ಕಣ್ಲಾ!”

“ಸಾಕಿ ನಿಂತಿರೋದು ಕಾಣಾಕಿಲ್ವಾ? ನಿಂಗೆ ಬೆಕ್ಕೇ ಎಚ್ಚಾಯ್ತಾ?”

“ಅವಳು ನಿಂತವ್ಳೆ ಅಂತ್ಲೇ ಯೋಳ್ತಿರೋದು. ಡಾಕುಟ್ರು ಏನಂದ್ರು? ಜೀವ ಓಗಿ ಮೈ ತಣ್ಣಗಾದೇಟ್ಗೆ ಚಿಗಟವೆಲ್ಲ ಕೆಳೀಕೆ ನೆಗೀತವೆ ಅನ್ನಲಿಲ್ವಾ? ಇಲ್ಲಿ ಸಾಯಿಸಿದ್ರೆ ಅವು ಯಾರ ಮೈಗೆ ಅತ್ತಾವು?”

ಎತ್ತಿದ ದೊಣ್ಣೆ ಎತ್ತಿದಂತೆಯೇ ನಿಂತಿತು. ಚಿಕ್ಕಬೀರಮ್ಮ ಸೊಸೆಯನ್ನು ದೂರ ಕಳಿಸಿ, ಚಿಗಟ ಹತ್ತದಿರಲೆಂದು ಮೊಣಕೈವರೆಗೆ, ಮೊಣಕಾಲಿನವರೆಗೆ ಹೊಂಗೆ ಎಣ್ಣೆ ಸವರಿಕೊಂಡಳು. ಇಲಿಯ ಮೇಲೆ ಒಂದು ಹೊರೆ ಹುಲ್ಲು ಹಾಕಿ, ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟಳು. ಉರಿ ಭಗ್ಗನೆ ಎದ್ದದ್ದೇ ಬೆಕ್ಕು ಬೆದರಿ, ಬಾಗಿಲು ತೆರೆದಿದ್ದ ಗುಡಿಸಲ ಕಡೆಗೆ ಹಾರಿತು. ಒಳಗೆ ಸಾಕಮ್ಮನ ಹಾಸಿಗೆ ಬಿಚ್ಚಿ ಹಾಸಿತ್ತು. ಚಿಕ್ಕಬೀರಮ್ಮ ನೆಲಕ್ಕೆ ಬಿದ್ದೇ ಅದರ ಕತ್ತು ಹಿಡಿದಳು. ಅದು ಕೈಯನ್ನು ಉದ್ದಕ್ಕೆ ಪರಚಿತು. ರಕ್ತ ಸುರಿದರೂ ಬಿಡದೆ ಮಂಕರಿ ಬುಟ್ಟಿ ಕವುಚಿ ಹಾಕಿದಳು.

“ದೂರಕ್ಕೆ ಓಡಿಸ್ಬುಟ್ಟು ಬಾರವ್ವ,” ಎಂದ ಮುದ್ದಯ್ಯ.

“ಬುಟ್ರೆ ತಿರುಗಾ ಊರಿಗೋಯ್ತದೆ, ತಿರುಗಾ ಬತ್ತದೆ. ನಾನೂ ಅದ್ನ ಮುಟ್ಟಾಯ್ತಲ್ಲ. ಇಬ್ರೂ ಆ ಕಾವಲು ಗುಡ್ಲಲ್ಲಿರ್ತೀವಿ, ಹತ್ತು ದಿನ. ಉಣ್ಣಾಕಿರೋದ್ನ ಬದಿನ ಮೇಲೆ ಮಡಗಿ ಓಗಿ. ಯಾರೂ ಬದು ದಾಟಬ್ಯಾಡಿ.”

ಬಾಯಿಗೆ ಗೋಣಿ ಬಿಗಿದ ಮಂಕರಿಯನ್ನು ಎದೆಗವಚಿಕೊಂಡು ಹೊಲದ ಆಚೆ ತುದಿಯ ಗುಡಿಸಲಿಗೆ ಅವಳು ನಡೆದೇಬಿಟ್ಟಳು. ಬೇವಿನ ಸೊಪ್ಪು ಕುದಿಸಿ ಆರಿದ ನೀರಿನಲ್ಲಿ ಬೆಕ್ಕನ್ನು ಕತ್ತಿನವರೆಗೆ ಮುಳುಗಿಸಿ ತೊಳೆದಳು. ಬಾಚಣಿಗೆಗೆ ಸಿಕ್ಕ ಚಿಗಟಗಳನ್ನು ಒಂದೊಂದಾಗಿ ಕೆಂಡಕ್ಕೆ ಹಾಕಿದಳು. ದಿನವೂ ಬೆಳಿಗ್ಗೆ ಪ್ಲೇಗಿನ ಗಡ್ಡೆ ಎದ್ದಿದೆಯೇ ಎಂದು ಅದರ ದವಡೆಯ ಕೆಳಗೆ ಒತ್ತಿ ನೋಡುವುದು, ಆಮೇಲೆ ತನ್ನ ಕಂಕುಳು, ತೊಡೆಯ ಸಂದು. ಬದುವಿನ ಬಳಿ ಮುದ್ದೆ ಇಟ್ಟು ಸಾಕಮ್ಮ ಕೂಗುತ್ತಿದ್ದಳು: “ಗಡ್ಡೆ ಅದಾ ಅತ್ತೆ?” “ಇಲ್ಲ ಕಣಮ್ಮಿ, ನೀ ಓಗು.” ಐದನೆಯ ದಿನ ಬೆಕ್ಕು ಹಾಲು ಮೂಸಲಿಲ್ಲ. ಮೂಲೆ ಹಿಡಿದು ಮಲಗಿತು. ಚಿಕ್ಕಬೀರಮ್ಮನಿಗೂ ಅಂದು ಅನ್ನ ಇಳಿಯಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅದು ಎದ್ದು, ಕೆಮ್ಮಿ ಕೆಮ್ಮಿ ಕೂದಲು ಸುತ್ತಿದ ಹುಲ್ಲಿನ ಉಂಡೆಯೊಂದನ್ನು ಕಕ್ಕಿ, ಬಟ್ಟಲಿನ ಹಾಲನ್ನೆಲ್ಲ ನೆಕ್ಕಿತು. ಅವಳು ತಡಿಕೆಗೆ ತಲೆ ಆನಿಸಿ ಅತ್ತುಬಿಟ್ಟಳು.

ಹತ್ತನೆಯ ದಿನ ಬೆಕ್ಕಿನ ಕತ್ತು ನುಣ್ಣಗಿತ್ತು. ಅವಳ ಮೈಯಲ್ಲೂ ಜ್ವರವಿರಲಿಲ್ಲ. ಸೀರೆ ಒಗೆದು ಒಣಗಿಸಿ ಉಟ್ಟು, ಸೊಸೆ ಬರುವುದನ್ನೇ ಕಾಯುತ್ತಿದ್ದಳು. ಬಂದವನು ಮುದ್ದಯ್ಯ. ಬದುವಿನಿಂದ ಇಪ್ಪತ್ತು ಹೆಜ್ಜೆ ಆಚೆಗೇ ನಿಂತ.

“ಅವ್ವ, ಈಚೆಗೆ ಬರಬ್ಯಾಡ. ಸಾಕೀನ ನಿನ್ತಾವ್ಕೇ ಕಳಿಸ್ತೀನಿ. ಜೊತೇಲಿ ಮಡೀಕೊ.”

“ಯಾಕ್ಲಾ? ಏನಾಯ್ತು?”

ಅವನು ಎಡಗೈಯನ್ನು ಮೈಗೆ ತಾಗಿಸಲಾರದೆ ದೂರ ಹಿಡಿದಿದ್ದ. ಕಣ್ಣು ಕೆಂಡದಂತಿದ್ದವು.

“ಬಾಣಂತನಕ್ಕೆ ಒಂದು ಹಳೇ ಬಟ್ಟೆನೂ ಇಲ್ವಲ್ಲ ಅಂತ ಅಳ್ತಿದ್ಲು. ನಾಕು ದಿನದಿಂದೆ ಊರೊಳಗಿನ ಮನೆಗೋಗಿ ಅಟ್ಟದ ಮೇಲಿನ ಗಂಟು ತಂದೆ. ಕಂಕುಳಲ್ಲಿ ಅವಚ್ಕೊಂಡು ಬಂದೆ ಕಣವ್ವ. ಬಿಸಿಲು ಕಾಣ್ಲಿ ಅಂತ ಮರಕ್ಕೆ ನೇತಾಕಿದ್ದೆ, ಅವಳು ಮುಟ್ಟಿಲ್ಲ. ನನ್ ಹಾಸ್ಗೆನೂ ಆಚೆಗೇ ಆಕೊಂಡಿದ್ದೆ. ರಾತ್ರಿಯಿಂದ ಜ್ವರ...”

 ಚಿಕ್ಕಬೀರಮ್ಮ ದೂರದ ಗುಡಿಸಲ ಕಡೆಗೆ ತಿರುಗಿ, “ಸಾಕೀ, ಆ ಕಡೆಯಿಂದ ಬಳಸ್ಕೊಂಡು ಬಾ. ಇಲ್ಲೆಲ್ಲ ಸುದ್ದವಾಗೇ ಅದೆ. ಒಳಗೆ ಬೆಕ್ಕದೆ, ಬಿಚ್ಚಬ್ಯಾಡ,” ಎಂದು ಕೂಗಿ ಹೇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬದು ದಾಟಿದಳು.

“ಅತ್ರ ಬರಬ್ಯಾಡ ಕಣವ್ವ!” ಮುದ್ದಯ್ಯ ಹಿಂದೆ ಹಿಂದೆ ಸರಿದ.

“ನಿಂತ್ಕಳ್ಲಾ,” ಎಂದಳು ಅವಳು. “ಬೆಕ್ಕಿಗೇ ಹತ್ತು ದಿನ ಕುಂತಿದ್ದೋಳು ನಾನು.”