ಅಪ್ಪನ ಬಾಗಿಲ ಮುಂದಿನ ಬೆಂಚು

"ನಿಲ್ಸಪ್ಪಾ, ಕೈ ತೆಗಿ! ಕುಂಚ ಮುಟ್ಟಿಸಬೇಡ!"

ಮಹಡಿಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಮಗಳು ಕೂಗಿದ ರಭಸಕ್ಕೆ, ಏಣಿಯ ಮೇಲಿದ್ದ ಬೋರ್ಡ್ ಬರೆಯುವವನು ಬಿದ್ದೇ ಹೋಗುತ್ತಿದ್ದ. ಕ್ಲಿನಿಕ್ಕಿನ ಬೋರ್ಡಿನಲ್ಲಿ ಎರಡು ಹೆಸರು. ಮೇಲಿನದು ಅಪ್ಪನದು, ಕೆಳಗಿನದು ಅಳಿಯನದು. ಮೇಲಿನ ಹೆಸರಿಗೆ ಬಿಳಿ ಬಣ್ಣ ಬಳಿಯಲು ಅವನನ್ನು ಕರೆಸಿದ್ದು ಅಮ್ಮ. ಆದರೆ ಅಪ್ಪನ ಹೆಸರಿಗೆ ಈ ಗತಿ ತಂದವಳು ಇದೇ ಮಗಳು, ಅಂಕಿಅಂಶದ ಶಾಸ್ತ್ರ ಅರೆದು ಕುಡಿದ ಮಹಾತಾಯಿ!

ಆದದ್ದಿಷ್ಟು. ಅಪ್ಪನ ಬಾಗಿಲ ಮುಂದಿನ ಬೆಂಚು ಯಾವತ್ತೂ ಕಿಕ್ಕಿರಿದಿರುತ್ತಿತ್ತು. ಪಕ್ಕದಲ್ಲಿ ಅಳಿಯನ ಬೆಂಚು ಸರಸರ ಖಾಲಿಯಾಗುತ್ತಿತ್ತು. ವಯಸ್ಸಾಯಿತು, ಕೈ ನಿಧಾನವಾಯಿತು, ಇನ್ನು ಸಾಕು ಮಾಡಿ ಎಂದು ಅಮ್ಮ ಬಾಯಿ ಬಡಿದುಕೊಂಡರೂ ಅಪ್ಪ ಜಗ್ಗಿರಲಿಲ್ಲ. "ಲೆಕ್ಕ ಹಾಕಿ ತೋರಿಸಿ. ಲೆಕ್ಕ ಹೌದು ಅಂದರೆ ಅವತ್ತೇ ಬಿಡ್ತೀನಿ" ಎಂದು ಸವಾಲು ಹಾಕಿದ್ದರು. ಮಗಳು ತಿಂಗಳುಗಟ್ಟಲೆ ಕೂತು, ಒಂದೊಂದು ಟೋಕನ್ನಿನವರೂ ಯಾವಾಗ ಬಂದರು, ಯಾವಾಗ ಒಳಗೆ ಹೋದರು ಎಂದು ಬರೆದುಕೊಂಡು ನಿನ್ನೆ ಸಂಜೆ ತೀರ್ಪು ಕೊಟ್ಟಿದ್ದಳು: ಅಪ್ಪನ ಬಾಗಿಲಲ್ಲಿ ಕಾಯುವ ಹೊತ್ತು ಅಳಿಯನದಕ್ಕಿಂತ ದುಪ್ಪಟ್ಟು. ಅಪ್ಪ ಸ್ಟೆತಸ್ಕೋಪನ್ನು ಗೋಡೆಯ ಮೊಳೆಗೆ ನೇತುಹಾಕಿದ್ದರು. ಅಮ್ಮನಿಗೆ ಮಾತ್ರ ಹಿಡಿಸಲಾರದ ಸಂತೋಷ. ಮದುವೆಯಾದಾಗಿನಿಂದ ಆ ಮನುಷ್ಯ ಮಧ್ಯಾಹ್ನ ಮೆಟ್ಟಿಲು ಹತ್ತಿ ಮಹಡಿಯ ಮನೆಗೆ ಬಂದು ಬಿಸಿ ಊಟ ಮಾಡಿದ್ದೇ ಇಲ್ಲ. ನಿವೃತ್ತಿಯಾದ ಮೇಲೆ ಇಬ್ಬರೂ ಎಷ್ಟು ಹೊತ್ತಿಗೆ ಏಳುವುದು, ಯಾವ ರಸ್ತೆಯಲ್ಲಿ ವಾಕಿಂಗ್ ಹೋಗುವುದು, ಮೊದಲು ಯಾರ ಮನೆಗೆ ಹೋಗಿ ನಾಲ್ಕು ದಿನ ಇರುವುದು, ಎಲ್ಲ ರಾತ್ರಿಯೇ ನಿಶ್ಚಯ ಮಾಡಿ ಕೇಳಿದವರಿಗೂ ಕೇಳದವರಿಗೂ ಹೇಳಿ ಮುಗಿಸಿದ್ದಳು.

ಈಗ ಮಗಳು ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಸೊಂಟಕ್ಕೆ ಏರಿಸಿಕೊಂಡು ದಡದಡ ಮೆಟ್ಟಿಲಿಳಿದು ಅಪ್ಪನ ಕೋಣೆಗೆ ನುಗ್ಗಿದಳು. ಅಪ್ಪ ಮೇಜಿನ ಡ್ರಾಯರು ಖಾಲಿ ಮಾಡುತ್ತಿದ್ದರು. ಅವಳ ಗಂಡ ಅವರಿಗೆ ಸಹಾಯಕ್ಕೆ ನಿಂತಿದ್ದ.

"ಅಪ್ಪಾ, ನಾನು ಪೆದ್ದಿ! ಶುದ್ಧ ಪೆದ್ದಿ!"

"ಅದು ಹಳೇ ಸುದ್ದಿ. ಹೊಸದೇನಾದ್ರೂ ಇದ್ರೆ ಹೇಳು."

"ನಾನು ಟೋಕನ್ ಎಣಿಸಿದೆ, ಜನರನ್ನ ಎಣಿಸಲೇ ಇಲ್ಲ! ಒಬ್ಬರೇ ನಾಲ್ಕು ಸಲ ಬಂದ್ರೆ ನನ್ನ ಲೆಕ್ಕದಲ್ಲಿ ನಾಲ್ಕು ಜನ. ಬೆಳಿಗ್ಗೆ ಸುಮ್ನೆ ಹೆಸರು ಹಿಡಿದು ಜೋಡಿಸಿ ನೋಡಿದೆ. ಮೈಯೆಲ್ಲ ಜುಮ್ ಅಂತು!" ಅವಳು ಗಂಡನ ಕಡೆ ತಿರುಗಿದಳು. "ರೀ, ನಿಮ್ಮ ಹತ್ರ ಬಂದವರು ಬೇಗ ಬಂದು ಬೇಗ ಹೋಗ್ತಾರೆ, ನಿಜ. ಅದೇ ಕಾಯಿಲೆಗೆ ಮತ್ತೆ ಬರ್ತಾರೆ. ಮತ್ತೂ ಬರ್ತಾರೆ. ಕೊನೆಗೆ ಎಲ್ಲಿಗೆ ಬರ್ತಾರೆ ಗೊತ್ತಾ? ಅಪ್ಪನ ಬೆಂಚಿಗೆ! ಅಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ನಿಮ್ಮ ಕಡೆಯವರೇ ಕಣ್ರೀ! ಅಪ್ಪನನ್ನ ನೋಡಿದ ಮೇಲೆ ಯಾರೂ ತಿರುಗಿ ಬಂದಿಲ್ಲ; ಗುಣ ಆಗೋ ತನಕ ಕಾದದ್ದೆಲ್ಲ ಕೂಡಿದ್ರೆ ಅಪ್ಪನ ಕಡೆಯೇ ಕಡಿಮೆ!"

"ಮಾವನ ಹತ್ರ ಬಂದವರು ತಿರುಗಿ ಬರಲಿಲ್ಲ ಅಂದ್ರೆ ಬೇರೆ ಕ್ಲಿನಿಕ್ ಹಿಡಿದಿರಬಹುದಲ್ಲ?" ಎಂದ ಗಂಡ. ಕಿವಿ ಕೆಂಪಾಗಿತ್ತು.

"ಹಾಗಂತ ನಾನೂ ಅಂದ್ಕೊಂಡೆ. ಅದಕ್ಕೇ ಬೆಳಿಗ್ಗೆಯಿಂದ ಫೋನ್ ಮಾಡಿ ಮಾಡಿ ಗಂಟಲು ಬಿದ್ದುಹೋಯ್ತು. ಗುಣ ಆಗಿದೆ ಅಂತಾರೆ! ತಲೆನೋವು ಅಂತ ಬರ್ತಿದ್ರಲ್ಲ, ಟೈಲರ್ ಆಂಟಿ, ಅವರೂ."

"ಅವರಿಗೆ ನಾನು ಮೂರು ಸಲ ಮಾತ್ರೆ ಬರೆದುಕೊಟ್ಟಿದ್ದೆ," ಗಂಡ ಮೆಲ್ಲಗೆ ಅಂದ. "ಮಾವ, ನೀವೇನು ಕೊಟ್ರಿ?"

"ಏನೂ ಕೊಡಲಿಲ್ಲ. ಸೂಜಿಗೆ ದಾರ ಪೋಣಿಸಮ್ಮ ಅಂದೆ. ಹತ್ತು ನಿಮಿಷ ಒದ್ದಾಡಿದಳು, ಆಗಲಿಲ್ಲ. ಕಣ್ಣಿನ ಡಾಕ್ಟರ ಹತ್ರ ಕಳಿಸಿದೆ."

ಗಂಡ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡು ಮೇಲಿಂದ ಕೆಳಗೆ ನೋಡಿದ. "ನನಗೂ ಒಂದು ತಲೆನೋವಿನ ಮಾತ್ರೆ ಬೇಕು" ಎಂದು ನಕ್ಕುಬಿಟ್ಟ. ಅಪ್ಪ ಅಷ್ಟರಲ್ಲಿ ಮೊಳೆಯಿಂದ ಸ್ಟೆತಸ್ಕೋಪ್ ಎಳೆದು ಕೊರಳಿಗೆ ಹಾಕಿಕೊಂಡಾಗಿತ್ತು. "ಹಾಗಾದ್ರೆ ನಾನು ಬಿಡಬೇಕಾಗಿಲ್ಲ! ಬಿಡಬೇಕಾಗಿಲ್ಲ ಅಲ್ವೇನೇ?" ಎಂದು ಮಗಳ ಎರಡೂ ಕೈ ಹಿಡಿದು ಕುಣಿದೇಬಿಟ್ಟರು. ಅವಳೂ ಕುಣಿದಳು. ಇಷ್ಟು ವರ್ಷ ಓದಿದ್ದು ಇವತ್ತೊಂದು ದಿನಕ್ಕೇ ಅನ್ನುವಷ್ಟು ಖುಷಿ ಅವಳಿಗೆ.

ಒಂದು ಸುತ್ತು ತಿರುಗುವಾಗ ಬಾಗಿಲಲ್ಲಿ ನಿಂತ ಅಮ್ಮ ಕಣ್ಣಿಗೆ ಬಿದ್ದಳು. ಎಲ್ಲ ಕೇಳಿಸಿಕೊಂಡ ಮುಖ. ಮಗಳ ಕಾಲು ತಾನಾಗಿ ನಿಂತಿತು.

"ಅಮ್ಮಾ..."

"ಇರಲಿ ಬಿಡೇ. ನಾನೇನು ಇವತ್ತು ಹೊಸದಾಗಿ ಕಾಯ್ತಿದೀನಾ?"

ಅಮ್ಮ ಗೋಡೆ ನೋಡುತ್ತ ಏನೋ ಯೋಚಿಸಿದಳು. ಆಮೇಲೆ ತಟ್ಟನೆ ತಿರುಗಿ ಅಳಿಯನ ಕೋಣೆಗೆ ಹೋದಳು. ಅಲ್ಲಿಂದ ಅವನ ಮೇಜಿನ ಹಿಂದಿನ ಉರುಳುವ ಕುರ್ಚಿಯನ್ನು ಕಿರ್ರೋ ಅನ್ನಿಸುತ್ತ ತಳ್ಳಿಕೊಂಡು ಬಂದು, ಅಪ್ಪನ ಕುರ್ಚಿಗೆ ತಾಗಿಸಿ ನಿಲ್ಲಿಸಿದಳು.

"ಅಳಿಯಂದಿರೇ, ಬನ್ನಿ, ಇಲ್ಲಿ ಕೂತ್ಕೊಳ್ಳಿ." ಆಮೇಲೆ ಅಪ್ಪನ ಕಡೆ ಬೆರಳು ತೋರಿಸಿದಳು. "ನೋಡಿ, ಇವರು ಎಷ್ಟು ಬೇಗ ನಿಧಾನ ಕಲೀತಾರೋ, ನೀವು ಅಷ್ಟು ಬೇಗ ಮನೆಗೆ ಬರ್ತೀರಿ. ಶುರು ಮಾಡಿ!"