ಜೋಪಾನಕ್ಕೆ ಕೊಟ್ಟ ಮಾತ್ರೆ

"ಒಂದೇ ಒಂದು ಕೊಡೇ ವತ್ಸಲಾ. ಅರ್ಧ ಆದ್ರೂ ಸಾಕು."

ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ನೀಲಗಂಗಮ್ಮ ಎದುರುಮನೆಯ ಬಾಗಿಲಲ್ಲಿ ನಿಂತಿದ್ದರು. ವರ್ಷಗಟ್ಟಲೆ ದಿನಾ ತಲೆನೋವು, ದಿನಾ ಮಾತ್ರೆ. ಡಾಕ್ಟರು ಈ ವಾರ ವಿಚಿತ್ರವೊಂದನ್ನು ಹೇಳಿದ್ದರು: ಈಗಿನ ನೋವು ತರುತ್ತಿರುವುದೇ ಈ ಮಾತ್ರೆಗಳು, ನಿಲ್ಲಿಸಿದರೆ ಮೊದಲು ಜಾಸ್ತಿಯಾಗುತ್ತದೆ, ಆಮೇಲೆ ಇಳಿಯುತ್ತದೆ. ಮನೆಯಲ್ಲಿದ್ದರೆ ಕೈ ಸುಮ್ಮನಿರುವುದಿಲ್ಲವೆಂದು ನೀಲಗಂಗಮ್ಮ ಮಾತ್ರೆಯ ಡಬ್ಬಿಯನ್ನೇ ತಂದು ವತ್ಸಲಾಳಿಗೆ ಕೊಟ್ಟು, "ಕಾಲಿಗೆ ಬಿದ್ರೂ ಕೊಡಬೇಡ" ಎಂದು ಭಾಷೆ ತೆಗೆದುಕೊಂಡಿದ್ದರು. ಈಗ ಬೀಳುವುದೊಂದೇ ಬಾಕಿ.

"ನೀವೇ ಭಾಷೆ ತಗೊಂಡ್ರಲ್ಲ ಅಕ್ಕಾ. ಕೂತ್ಕೊಳ್ಳಿ, ಶುಂಠಿ ಕಾಫಿ ಮಾಡ್ತೀನಿ."

"ಶುಂಠೀನ ನೀನೇ ಕುಡಿ! ನನ್ನ ಡಬ್ಬಿ ನಂಗೆ ಕೊಡು."

ವತ್ಸಲಾ ಹಟಮಾರಿ, ಒಮ್ಮೆ ಇಲ್ಲವೆಂದರೆ ಇಲ್ಲ. ಆದರೆ ಇವತ್ತು ಯಾಕೋ ಕಣ್ಣು ತಪ್ಪಿಸುತ್ತಿದ್ದಳು. ನೀಲಗಂಗಮ್ಮ ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದರು. ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೇ ಇತ್ತು. ತೆರೆದರೆ ಬರೀ ಖಾಲಿ ಸ್ಟ್ರಿಪ್‌ಗಳು.

"ಎಲ್ಲಿ ಹೋದ್ವೇ ಎಲ್ಲಾ?"

ವತ್ಸಲಾ ಸೆರಗು ಹಿಂಡುತ್ತಾ ನಿಂತಳು. "ನಂಗೂ ತಲೆನೋವು ಅಕ್ಕಾ. ಯಾರಿಗೂ ಹೇಳಿಲ್ಲ. ನಿಮ್ಮನೆ ಅರಿಶಿನ ಕುಂಕುಮಕ್ಕೆ ಬಂದಾಗ ತಲೆ ಹಿಡ್ಕೊಂಡಿದೆ ಅಂದಿದ್ದಕ್ಕೆ ಎಲೆ ಅಡಿಕೆ ಜೊತೆ ಒಂದು ಮಾತ್ರೇನೂ ಇಟ್ಟು ಕೊಟ್ರಲ್ಲ, ಅವತ್ತಿಂದ."

ಕೊಟ್ಟದ್ದು ನಿಜ. ತಲೆನೋವು ಅಂದವರಿಗೆಲ್ಲ ಕೊಡುತ್ತಿದ್ದರು. ಅದೂ ಒಂದು ಉಪಚಾರವೆಂದೇ ತಿಳಿದಿದ್ದರು. ನೀಲಗಂಗಮ್ಮನಿಗೆ ಅಯ್ಯೋ ಎನಿಸಿತು, ಅದರ ಬೆನ್ನಿಗೇ ನಗು ಬಂತು. ಅಲ್ಲೇ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ವತ್ಸಲಾಳೂ ಪಕ್ಕದಲ್ಲಿ ಕುಸಿದು ನಕ್ಕಳು. ಇಬ್ಬರ ತಲೆಯೂ ಮೊದಲಿನ ಹಾಗೇ ಸಿಡಿಯುತ್ತಿತ್ತು.

"ಏಳೇ," ನೀಲಗಂಗಮ್ಮ ಕಣ್ಣೊರೆಸಿಕೊಂಡರು. "ಈಗ್ಲೇ ಡಾಕ್ಟರ್ ಹತ್ರ ಹೋಗೋಣ. ನಂಗೆ ಹೇಳಿದ್ದನ್ನ ನಿಂಗೂ ಹೇಳ್ಲಿ. ಬಿಟ್ರೆ ಇಬ್ರೂ ಒಟ್ಟಿಗೇ ಬಿಡೋಣ."

ವತ್ಸಲಾ ಮರುಮಾತಿಲ್ಲದೆ ಒಪ್ಪಿದಳು. ಸೀರೆ ಬದಲಿಸಿದಳು, ಬಾಗಿಲಿಗೆ ಬೀಗ ಹಾಕಿದಳು, ಗೇಟಿನವರೆಗೂ ಬಂದಳು. ಅಲ್ಲಿ ನಿಂತು, ಆಚೀಚೆ ನೋಡಿ, ಮೆಲ್ಲಗೆ ಕೇಳಿದಳು:

"ಅಕ್ಕಾ, ಅಲ್ಲೀವರೆಗೂ ಹೋಗೋಕೆ ಅಂತ... ನಿಮ್ಮನೇಲಿ ಎಲ್ಲಾದ್ರೂ ಒಂದು ಉಳಿದಿರಲ್ವಾ?"