ಮಂಟಪಕ್ಕೊಪ್ಪುವ ಪರಿಮಳ

"ನನ್ನ ಮದುವೇಲಿ ಧಾರೆ ಎರೆಯೋದು ನೀನೇ ಅಮ್ಮ," ಎಂದು ವಿನುತಾ ಮಾತು ಕೊಟ್ಟಾಗ ಅವಳಿಗೆ ಒಂಬತ್ತು ವರ್ಷ. ಅಪ್ಪ ಮನೆ ಬಿಟ್ಟು ಇನ್ನೊಂದು ಮದುವೆಯಾದ ವರ್ಷ ಅದು. ಆಮೇಲೆ ಸರ್ವಮಂಗಳಾ ಹೊಲಿಗೆ ಯಂತ್ರ ತುಳಿದೇ ಮಗಳನ್ನು ಬೆಳೆಸಿದಳು.

ಮದುವೆಗೆ ವಾರವಿದ್ದಾಗ ತಾಯಿ ಮಗಳು ಸುಗಂಧದ ಅಂಗಡಿಗೆ ಬಂದರು.

"ವಯಸ್ಸೆಷ್ಟು? ಯಾವ ಸಮಾರಂಭಕ್ಕೆ?" ಅಂಗಡಿಯ ಹುಡುಗಿ ಕೇಳಿದಳು.

"ಅರವತ್ತರ ಹತ್ತಿರ. ಮದುವೆಗೆ," ಎಂದಳು ವಿನುತಾ.

"ಬೀಗರಿಗಾ? ಒಳ್ಳೇದು," ಎಂದು ಸರ್ವಮಂಗಳಾ ತಾನೇ ಮುಂದೆ ಬಂದಳು. ನಿಂಬೆಯ ಘಮ ಮೂಸಿ ನಕ್ಕಳು. "ಇದು ಕಾಲೇಜು ಹುಡುಗರದ್ದು ಕಣೇ." ಇನ್ನೊಂದಕ್ಕೆ ಮೂಗು ಮುಚ್ಚಿಕೊಂಡಳು. "ಹೋಮದ ಹೊಗೆ ಜೊತೆ ಇದೂ ಸೇರಿದ್ರೆ ಪುರೋಹಿತರು ಎದ್ದು ಓಡ್ತಾರೆ!" ಕೊನೆಗೆ ತೆಳುವಾದ ಗಂಧದ ಪರಿಮಳ ಆರಿಸಿದಳು. "ಇದು ನೋಡು, ವಯಸ್ಸಿಗೂ ಒಪ್ಪುತ್ತೆ, ಮಂಟಪಕ್ಕೂ ಒಪ್ಪುತ್ತೆ."

"ಬೀಗರಿಗಲ್ಲಮ್ಮ. ಅಪ್ಪಂಗೆ."

ಸರ್ವಮಂಗಳಾಳ ಕೈ ಸೀಸೆಯ ಮೇಲೇ ನಿಂತಿತು.

"ಧಾರೆಗೆ ದಂಪತಿನೇ ಕೂರ್ಬೇಕಂತೆ," ವಿನುತಾ ತಲೆ ತಗ್ಗಿಸಿದಳು. "ಗಂಡಿನ ಕಡೆಯೋರು ಹಟ ಹಿಡಿದ್ರು."

ಸರ್ವಮಂಗಳಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಯ್ತು ಬಿಡು. ಒಂದು ಗಳಿಗೆ ತಾನೆ? ನಿನಗೋಸ್ಕರ ಅವರ ಪಕ್ಕ ಕೂರ್ತೀನಿ."

ಮಗಳು ಅಂಗಡಿಯ ಹುಡುಗಿಯ ಕಡೆ ತಿರುಗಿ, "ಇದನ್ನೇ ಪ್ಯಾಕ್ ಮಾಡಿ," ಎಂದಳು.

ವಿನುತಾಳ ಧಾರೆಯನ್ನು ಅವಳ ಅಪ್ಪನೂ ಅವನ ಎರಡನೇ ಹೆಂಡತಿಯೂ ಎರೆದರು.